ಬುಡಾಪೆಸ್ಟ್‌ನಿಂದ ಹನೋಯಿಗೆ

1986ರ ಆಗಸ್ಟ್ ತಿಂಗಳು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕ 75 ಸೆಂಟ್‌ನಷ್ಟು ತಾಳೆ ತಪ್ಪಿತು. ಕ್ಲಿಫರ್ಡ್ ಸ್ಟಾಲ್ ಓದಿದ್ದು ಖಗೋಳ ವಿಜ್ಞಾನ. ಸಂಶೋಧನೆಗೆ ಬರುತ್ತಿದ್ದ ಹಣ ಮುಗಿದದ್ದರಿಂದ ಅವರು ಕಂಪ್ಯೂಟರ್ ವಿಭಾಗಕ್ಕೆ ಬಂದು ಕೂತಿದ್ದರು. ಆ ಮುಕ್ಕಾಲು ಡಾಲರ್ ಎಲ್ಲಿ ಹೋಯಿತೆಂದು ಪತ್ತೆ ಹಚ್ಚುವ ಕೆಲಸ ಅವರ ಪಾಲಿಗೆ ಬಿತ್ತು. ಹುಡುಕುತ್ತ ಹೋದರೆ, ಯಾರೋ ಅಪರಿಚಿತ ಪ್ರಯೋಗಾಲಯದ ಕಂಪ್ಯೂಟರಿನೊಳಗೆ ನುಸುಳಿ, ಅಲ್ಲಿಂದ ಅಮೆರಿಕದ ಸೇನಾ ಕಂಪ್ಯೂಟರುಗಳ ಬಾಗಿಲು ತಟ್ಟುತ್ತಿದ್ದಾನೆ ಎಂಬುದು ಗೊತ್ತಾಯಿತು.

ಮುಂದಿನ ತಿಂಗಳುಗಳಲ್ಲಿ ಸ್ಟಾಲ್ ಆ ಕಳ್ಳನಿಗಿಂತ ಹೆಚ್ಚಾಗಿ ಕಾಗದಪತ್ರಗಳ ಜೊತೆ ಗುದ್ದಾಡಿದರು. ಬರೀ 75 ಸೆಂಟ್ ನಷ್ಟಕ್ಕೆ ತಲೆ ಕೆಡಿಸಿಕೊಳ್ಳಲು ಎಫ್‌ಬಿಐ ಮೊದಮೊದಲು ಒಪ್ಪಲಿಲ್ಲ. ಫೋನ್ ಕರೆಯ ಜಾಡು ವರ್ಜೀನಿಯಾ ರಾಜ್ಯಕ್ಕೆ ಹೋದಾಗ ಅಲ್ಲಿನ ದೂರವಾಣಿ ಕಂಪನಿ, ನಿಮ್ಮ ಬಳಿ ಇರುವುದು ಕ್ಯಾಲಿಫೋರ್ನಿಯಾದ ವಾರಂಟ್, ಅದು ಇಲ್ಲಿ ನಡೆಯದು ಎಂದಿತು. ಒಂದೇ ದೇಶದ ಎರಡು ರಾಜ್ಯಗಳ ನಡುವಿನ ಕಥೆ ಇದು. ಜಾಡು ಕೊನೆಗೆ ಮುಟ್ಟಿದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು. ಅಲ್ಲಿನ ಹಳೆಯ ದೂರವಾಣಿ ವಿನಿಮಯ ಕೇಂದ್ರದಲ್ಲಿ ಕರೆಯ ಮೂಲ ಹಿಡಿಯಬೇಕಾದರೆ ಕಳ್ಳ ಬಹಳ ಹೊತ್ತು ಲೈನಿನಲ್ಲೇ ಇರಬೇಕಿತ್ತು. ಅವನನ್ನು ಹಿಡಿದು ಕೂರಿಸಲು ಸ್ಟಾಲ್ ಕ್ಷಿಪಣಿ ರಕ್ಷಣಾ ಯೋಜನೆಯ ಹೆಸರಿನಲ್ಲಿ ರಾಶಿ ರಾಶಿ ಸುಳ್ಳು ಕಡತಗಳನ್ನು ಬರೆದಿಟ್ಟರು. ಅವನು ಅವನ್ನು ಓದುತ್ತ ಕೂತ, ಜರ್ಮನ್ ಅಂಚೆ ಇಲಾಖೆಯ ತಂತ್ರಜ್ಞರು ತಂತಿಯ ಬೆನ್ನು ಹತ್ತಿದರು. ಕದ್ದ ಮಾಹಿತಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತೆಂದು ಆಮೇಲೆ ತಿಳಿಯಿತು. 1990ರಲ್ಲಿ ಜರ್ಮನ್ ನ್ಯಾಯಾಲಯ ಶಿಕ್ಷೆ ವಿಧಿಸಿತಾದರೂ ಅದು ಅಮಾನತಿನ ಶಿಕ್ಷೆ. ಶಿಕ್ಷೆಯಾದ ಮೇಲೆ ಆರೋಪಿಗಳು ಜೈಲಿಗೆ ಹೋಗಬೇಕಾಗಲಿಲ್ಲ.

ಅಂತರರಾಷ್ಟ್ರೀಯ ಸೈಬರ್ ಕಾನೂನಿನ ಕಥೆಯನ್ನು ನಾನು ಇಲ್ಲಿಂದ ಹಿಡಿಯುವುದಕ್ಕೆ ಕಾರಣವಿದೆ. ಕಳ್ಳ ಗಡಿಯನ್ನು ಕ್ಷಣದಲ್ಲಿ ದಾಟುತ್ತಾನೆ, ಕಾಗದ ವಾರಗಟ್ಟಲೆ ನಡೆದು ಬರುತ್ತದೆ, ಅಷ್ಟರಲ್ಲಿ ಸಾಕ್ಷ್ಯ ಅಳಿಸಿಹೋಗಿರುತ್ತದೆ. ಪೊಲೀಸರ ಈ ಸಂಕಟ ಕಟ್ಟುಕಥೆಯಲ್ಲ. ಅದನ್ನು ಒಪ್ಪಿಕೊಳ್ಳದೆ ಮುಂದಿನ ಇತಿಹಾಸ ಅರ್ಥವಾಗುವುದಿಲ್ಲ.

ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಕೌನ್ಸಿಲ್ ಆಫ್ ಯುರೋಪ್ ಎಂಬ ಸಂಸ್ಥೆಯ ಕಚೇರಿಯಿದೆ. ಎರಡನೇ ಮಹಾಯುದ್ಧದ ಬೂದಿಯಿಂದ ಎದ್ದು, ಮಾನವ ಹಕ್ಕುಗಳನ್ನು ಕಾಯಲೆಂದೇ ಹುಟ್ಟಿದ ಸಂಸ್ಥೆ. ವ್ಯಕ್ತಿಯ ಮಾಹಿತಿಗೆ ರಕ್ಷಣೆ ಕೊಡುವ ಜಗತ್ತಿನ ಮೊದಲ ಕಡ್ಡಾಯ ಅಂತರರಾಷ್ಟ್ರೀಯ ಒಪ್ಪಂದವನ್ನು 1981ರ ಜನವರಿ 28ರಂದು ಸಹಿಗೆ ತೆರೆದದ್ದು ಇದೇ ಸಂಸ್ಥೆ. ಈಗಲೂ ಹಲವು ದೇಶಗಳು ಆ ದಿನವನ್ನು ದತ್ತಾಂಶ ರಕ್ಷಣಾ ದಿನವೆಂದು ಆಚರಿಸುತ್ತವೆ. ಅದೇ ಮನೆಯಲ್ಲಿ 1997ರಲ್ಲಿ ಇನ್ನೊಂದು ಕರಡಿನ ಕೆಲಸ ಶುರುವಾಯಿತು. ಡಚ್ ಪ್ರಾಧ್ಯಾಪಕ ಹೆನ್ರಿಕ್ ಕಾಸ್ಪರ್ಸೆನ್ ಅಧ್ಯಕ್ಷತೆಯ ತಜ್ಞರ ಸಮಿತಿ ಸೈಬರ್ ಅಪರಾಧದ ಒಪ್ಪಂದವನ್ನು ಬರೆಯತೊಡಗಿತು. ಅಮೆರಿಕ, ಕೆನಡಾ, ಜಪಾನ್, ದಕ್ಷಿಣ ಆಫ್ರಿಕಾ ಯುರೋಪಿನವಲ್ಲದಿದ್ದರೂ ಮಾತುಕತೆಯಲ್ಲಿ ಕೂತವು. ಭಾರತ ಅಲ್ಲಿರಲಿಲ್ಲ.

ಸುಮಾರು ಮೂರು ವರ್ಷ ಈ ಕೆಲಸ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಜನರ ಕಣ್ಣಿಗೆ ಬಿದ್ದ ಮೊದಲ ಕರಡಿನ ಕ್ರಮಸಂಖ್ಯೆ 19. ಹದಿನೆಂಟು ಕರಡುಗಳು ಬರೆದು, ತಿದ್ದಿ, ಬದಿಗೆ ಸರಿದ ಮೇಲೆ ಹತ್ತೊಂಬತ್ತನೆಯದು 2000ದ ಏಪ್ರಿಲ್ 27ರಂದು ಹೊರಬಂತು. ಕೋಟ್ಯಂತರ ಜನರ ಪತ್ರ, ಮಾತು, ಓಡಾಟಗಳಿಗೆ ಸಂಬಂಧಪಟ್ಟ ಕಾನೂನು ಅಷ್ಟು ದೂರ ಬಂದ ಮೇಲೆ ಜನಕ್ಕೆ ಕಂಡದ್ದು ನನಗೆ ಇಂದಿಗೂ ನೋವಿನ ಸಂಗತಿ.

ಸರಿಯಾಗಿ ಒಂದು ವಾರಕ್ಕೆ, ಮೇ 4ರಂದು, ‘ಐ ಲವ್ ಯೂ’ ಎಂಬ ತಲೆಬರಹದ ಇಮೇಲ್ ಫಿಲಿಪ್ಪೀನ್ಸಿನಿಂದ ಹೊರಟು ಜಗತ್ತನ್ನೇ ಸುತ್ತಿತು. ಪ್ರೇಮಪತ್ರವೆಂದು ತೆರೆದವರ ಕಂಪ್ಯೂಟರಿನಲ್ಲಿದ್ದ ಕಡತಗಳು ಹಾಳಾದವು, ಅವರ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಪತ್ರ ಹೋಯಿತು. ಬ್ರಿಟನ್ನಿನ ಸಂಸತ್ತು ತನ್ನ ಇಮೇಲ್ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಮನಿಲಾದಲ್ಲಿ ಒಬ್ಬ ವಿದ್ಯಾರ್ಥಿಯ ಮೇಲೆ ಅನುಮಾನ ಬಂತು. ಆದರೆ ಅವನ ಮೇಲೆ ಹೊರಿಸಲು ಆ ದೇಶದಲ್ಲಿ ಕಾನೂನೇ ಇರಲಿಲ್ಲ. ಜೂನ್ 14ರಂದು ಫಿಲಿಪ್ಪೀನ್ಸ್ ಅವಸರದಿಂದ ಹೊಸ ಕಾಯ್ದೆ ತಂದಿತು. ಹಿಂದಿನ ತಾರೀಖಿನ ಕೃತ್ಯಕ್ಕೆ ಅದು ಅನ್ವಯವಾಗದೆ ಆಗಸ್ಟ್‌ನಲ್ಲಿ ಆರೋಪಗಳು ಬಿದ್ದುಹೋದವು. ಕರಡಿನ ಬಗ್ಗೆ ಪ್ರಶ್ನೆ ಕೇಳಬೇಕೆಂದಿದ್ದವರ ದನಿ ಈ ಗದ್ದಲದಲ್ಲಿ ಸಣ್ಣದಾಯಿತು.

ಆ ಕರಡಿನಲ್ಲಿ ಇದ್ದದ್ದಾದರೂ ಏನು? ನಮ್ಮಲ್ಲಿ ಬಹಳ ಜನರಿಗೆ ನೀಲಿ ಬಣ್ಣದ ಇನ್‌ಲ್ಯಾಂಡ್ ಲೆಟರ್ ನೆನಪಿರುತ್ತದೆ. ಒಳಗೆ ಬರೆದದ್ದನ್ನು ಮಡಿಸಿ, ಅಂಚಿಗೆ ಗೋಂದು ಹಚ್ಚಿ ಅಂಟಿಸಿದರೆ ಅದನ್ನು ಬಿಡಿಸುವ ಹಕ್ಕು ವಿಳಾಸದಾರನಿಗೆ ಮಾತ್ರ. ಹೊರಗಡೆ ಬರೆದ ‘ಇವರಿಗೆ’, ‘ಇವರಿಂದ’ ಮತ್ತು ಅಂಚೆಯ ಠಸ್ಸೆಯನ್ನು ಪೋಸ್ಟ್ ಮಾಸ್ಟರ್ ಮತ್ತು ಅಂಚೆಯಣ್ಣ ಹೇಗೂ ನೋಡುತ್ತಿದ್ದರು. ಒಪ್ಪಂದ ಬರೆದವರು ಇದೇ ಬಗೆಯಲ್ಲಿ ಮಾಹಿತಿಯನ್ನು ವಿಂಗಡಿಸಿದರು. ಒಳಗಿನ ಒಕ್ಕಣೆ ಒಂದು, ಹೊರಗಿನ ವಿಳಾಸ ಮತ್ತು ಹೊತ್ತು ಇನ್ನೊಂದು, ಚಂದಾದಾರನ ಹೆಸರು ದಿಕ್ಕು ಮತ್ತೊಂದು. ಒಳಗಿನದನ್ನು ಕದ್ದು ಕೇಳಲು ಗಂಭೀರ ಅಪರಾಧವೇ ಆಗಿರಬೇಕು. ಹೊರಗಿನದಕ್ಕೆ ಅಷ್ಟು ಬಿಗಿ ಬೇಡ.

ಊರಿನ ಅಂಚೆಯಣ್ಣ ನಿಮ್ಮ ಲಕೋಟೆಗಳ ಹೊರಮೈಯನ್ನು ನೋಡಿ ಮರೆಯುತ್ತಿದ್ದ. ಕಂಪ್ಯೂಟರ್ ಮರೆಯುವುದಿಲ್ಲ. ಯಾರಿಗೆ ಎಷ್ಟು ಗಂಟೆಗೆ ಯಾವ ಜಾಗದಿಂದ ಕರೆ ಮಾಡಿದಿರಿ ಎಂಬುದನ್ನು ಆರು ತಿಂಗಳು ಜೋಡಿಸಿಟ್ಟರೆ ಒಳಗಿನ ಒಕ್ಕಣೆ ಓದಬೇಕಾದ ಅಗತ್ಯವೇ ಬೀಳದು. ಜರ್ಮನಿಯ ಗ್ರೀನ್ ಪಕ್ಷದ ರಾಜಕಾರಣಿ ಮಾಲ್ಟೆ ಸ್ಪಿಟ್ಜ್ ಇದನ್ನು ತಮ್ಮ ಮೇಲೇ ಪ್ರಯೋಗಿಸಿ ತೋರಿಸಿದರು. ಅವರ ಮೊಬೈಲ್ ಕಂಪನಿ 2009ರ ಆಗಸ್ಟ್‌ನಿಂದ 2010ರ ಫೆಬ್ರವರಿವರೆಗೆ ಕೂಡಿಟ್ಟಿದ್ದ ಮಾಹಿತಿಯನ್ನು ಹೋರಾಡಿ ಪಡೆದರು. 35,830 ನಮೂದುಗಳಿದ್ದವು. 2011ರಲ್ಲಿ ಜರ್ಮನ್ ಪತ್ರಿಕೆಯೊಂದು ಅವನ್ನು ನಕಾಶೆಯ ಮೇಲೆ ಜೋಡಿಸಿತು. ಅವರು ಯಾವ ರೈಲು ಹತ್ತಿದರು, ಎಲ್ಲಿ ಮಲಗಿದರು, ಯಾವ ಬೀದಿಯಲ್ಲಿ ನಡೆದರು ಎಲ್ಲವೂ ಓದುಗರ ಕಣ್ಣೆದುರು ಚಲಿಸಿತು. ಅದರಲ್ಲಿ ಅವರಾಡಿದ ಒಂದು ಮಾತೂ ಇರಲಿಲ್ಲ. ಇದ್ದದ್ದು ಬರೀ ಲಕೋಟೆಯ ಹೊರಮೈ.

ಕರಡಿನಲ್ಲಿ ಇನ್ನೂ ಒಂದು ಅಂಶ ಅಡಗಿತ್ತು. ಹೆಸರು ಸೈಬರ್ ಅಪರಾಧದ ಒಪ್ಪಂದ. ಆದರೆ ಮಾಹಿತಿ ಕಾದಿಡಿಸುವ, ಶೋಧಿಸುವ, ವಶಪಡಿಸಿಕೊಳ್ಳುವ ಅಧಿಕಾರ ಸೈಬರ್ ಅಪರಾಧಕ್ಕಷ್ಟೇ ಸೀಮಿತವಾಗಿರಲಿಲ್ಲ. ಸಾಕ್ಷ್ಯ ವಿದ್ಯುನ್ಮಾನ ರೂಪದಲ್ಲಿದ್ದರೆ ಸಾಕು, ಅಪರಾಧ ಯಾವುದಾದರೂ ಆಗಬಹುದು. ಇಂದು ಸಾಕ್ಷ್ಯ ವಿದ್ಯುನ್ಮಾನ ರೂಪದಲ್ಲಿ ಇಲ್ಲದ ಅಪರಾಧ ಯಾವುದಿದೆ? ಎಮ್ಮೆ ಕದ್ದವನ ಜೇಬಿನಲ್ಲೂ ಮೊಬೈಲ್ ಇರುತ್ತದೆ.

2000ದ ಅಕ್ಟೋಬರ್‌ನಲ್ಲಿ ಹಲವು ದೇಶಗಳ ನಾಗರಿಕ ಹಕ್ಕುಗಳ ಸಂಘಟನೆಗಳು ಸೇರಿ ಸ್ಟ್ರಾಸ್‌ಬರ್ಗ್‌ಗೆ ಪತ್ರ ಬರೆದವು. ಪೊಲೀಸರ ಅಧಿಕಾರ ವಿವರವಾಗಿದೆ, ಪ್ರಜೆಯ ರಕ್ಷಣೆ ತೆಳುವಾಗಿದೆ ಎಂಬುದು ಅವರ ಅಳಲಾಗಿತ್ತು. ಮರುವರ್ಷದ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಅಧಿಕಾರಿಗಳ ಕೂಟವೂ ಇದೇ ಬಗೆಯ ಆಕ್ಷೇಪ ಎತ್ತಿತು. ಅದರ ಫಲವಾಗಿ 15ನೇ ವಿಧಿ ಸ್ವಲ್ಪ ಮೈತುಂಬಿಕೊಂಡಿತು. ಮಾನವ ಹಕ್ಕುಗಳಿಗೆ ಸಾಕಷ್ಟು ರಕ್ಷಣೆ ಇರಬೇಕು, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಬಾರದು, ಸೂಕ್ತವೆನಿಸಿದ ಕಡೆ ನ್ಯಾಯಾಲಯದ ಅಥವಾ ಬೇರೆ ಸ್ವತಂತ್ರ ಸಂಸ್ಥೆಯ ಮೇಲ್ವಿಚಾರಣೆ ಇರಬೇಕು ಎಂಬುದು ಅದರ ತಾತ್ಪರ್ಯ. ಈ ರಕ್ಷಣೆಗಳನ್ನು ಪ್ರತಿಯೊಂದು ದೇಶವೂ ತನ್ನ ಸ್ವಂತ ಕಾನೂನಿನಲ್ಲಿ ಕಂಡುಕೊಳ್ಳಬೇಕು ಎಂದೂ ಸೇರಿಸಿತು. ಪೊಲೀಸರಿಗೆ ಕೊಡಬೇಕಾದ ಅಧಿಕಾರ ಎಲ್ಲ ದೇಶಕ್ಕೂ ಒಂದೇ ಅಚ್ಚಿನದು, ಕಡ್ಡಾಯ. ಆ ಅಧಿಕಾರಕ್ಕೆ ಹಾಕಬೇಕಾದ ಕಾವಲು ಮಾತ್ರ ಅವರವರ ಮನೆಯದು. ನನ್ನ ಮಟ್ಟಿಗೆ ಈ ಕಾಲು ಶತಮಾನದ ಇತಿಹಾಸವೆಲ್ಲ ಈ ಅಸಮತೋಲದ ಇತಿಹಾಸವೇ.

ಇದೇ ಹೊತ್ತಿನಲ್ಲಿ ಸಿಯಾಟಲ್ ನಗರದಲ್ಲಿ ಒಂದು ಘಟನೆ ನಡೆಯಿತು. ಅಮೆರಿಕದ ಕಂಪನಿಗಳ ಕಂಪ್ಯೂಟರ್ ಭೇದಿಸಿ ಹಣ ಕೀಳುತ್ತಿದ್ದ ಇಬ್ಬರು ರಷ್ಯನ್ ಯುವಕರನ್ನು ಎಫ್‌ಬಿಐ ‘ಇನ್ವಿಟಾ’ ಎಂಬ ಇಲ್ಲದ ಕಂಪನಿಯ ಹೆಸರಿನಲ್ಲಿ, ಕೆಲಸದ ಆಸೆ ತೋರಿಸಿ, 2000ದ ನವೆಂಬರ್‌ನಲ್ಲಿ ಕರೆಸಿಕೊಂಡಿತು. ಸಂದರ್ಶನದಲ್ಲಿ ತಮ್ಮ ಕೈಚಳಕ ತೋರಿಸಲು ಅವರು ಚೆಲ್ಯಾಬಿನ್ಸ್ಕ್‌ನಲ್ಲಿದ್ದ ತಮ್ಮ ಕಂಪ್ಯೂಟರಿನೊಳಗೆ ಪ್ರವೇಶಿಸಿದರು. ಅವರು ಒತ್ತಿದ ಒಂದೊಂದು ಕೀಲಿಯೂ ದಾಖಲಾಯಿತು. ಆ ಪಾಸ್‌ವರ್ಡ್ ಹಿಡಿದು ಎಫ್‌ಬಿಐ ರಷ್ಯಾದ ನೆಲದಲ್ಲಿದ್ದ ಕಂಪ್ಯೂಟರಿನ ಮಾಹಿತಿಯನ್ನು ಅಮೆರಿಕದಲ್ಲಿ ಕೂತೇ ಇಳಿಸಿಕೊಂಡಿತು, ವಾರಂಟ್ ಪಡೆದದ್ದು ಅನಂತರ. ಅಮೆರಿಕದ ಸಂವಿಧಾನ ಕೊಡುವ ರಕ್ಷಣೆ ರಷ್ಯಾದಲ್ಲಿರುವ ಪರದೇಶಿಯ ಕಂಪ್ಯೂಟರಿಗೆ ಸಲ್ಲದು ಎಂದು ಸಿಯಾಟಲ್‌ನ ನ್ಯಾಯಾಧೀಶರು 2001ರಲ್ಲಿ ತೀರ್ಪಿತ್ತರು. 2002ರಲ್ಲಿ ರಷ್ಯಾ ಹಾಗೆ ಮಾಹಿತಿ ಇಳಿಸಿಕೊಂಡ ಎಫ್‌ಬಿಐ ಅಧಿಕಾರಿಯ ಮೇಲೆಯೇ ಅಕ್ರಮ ಪ್ರವೇಶದ ಮೊಕದ್ದಮೆ ಹೂಡಿತು.

ಆ ಯುವಕರು ಮಾಡಿದ್ದು ತಪ್ಪೇ. ಆದರೂ ತೀರ್ಪಿನ ಆ ವಾಕ್ಯವನ್ನು ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಕೂತು ಓದುವವರು ಒಂದು ಗಳಿಗೆ ನಿಲ್ಲಬೇಕು. ನಮ್ಮ ಮೇಲ್, ಫೋಟೊ, ಮಕ್ಕಳ ಅಂಕಪಟ್ಟಿಗಳೆಲ್ಲ ಹೆಚ್ಚಾಗಿ ಪರದೇಶದ ಕಂಪನಿಗಳ ಸರ್ವರಿನಲ್ಲಿವೆ. ಆ ದೇಶದ ಕಾನೂನಿನ ಕಣ್ಣಿಗೆ ನಾವೂ ಪರದೇಶಿಗಳೇ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಯಾರಿಗೂ ಆಕ್ಷೇಪ ಕೇಳುವ ಸಹನೆ ಉಳಿಯಲಿಲ್ಲ. ನವೆಂಬರ್ 8ರಂದು ಒಪ್ಪಂದಕ್ಕೆ ಮಂತ್ರಿಗಳ ಸಮಿತಿ ಒಪ್ಪಿತು. ನವೆಂಬರ್ 23ರಂದು ಬುಡಾಪೆಸ್ಟ್‌ನಲ್ಲಿ 30 ದೇಶಗಳು ಒಂದೇ ದಿನ ಸಹಿ ಹಾಕಿದವು. 2004ರ ಜುಲೈ 1ರಿಂದ ಅದು ಜಾರಿಗೆ ಬಂತು.

ಭಾರತದ ಮಟ್ಟಿಗೂ 2001 ಮುಖ್ಯವಾದ ವರ್ಷ. ಮಾಹಿತಿ ತಂತ್ರಜ್ಞಾನ ಕಾಯ್ದೆ ಅದಕ್ಕೆ ಹಿಂದಿನ ಅಕ್ಟೋಬರ್‌ನಲ್ಲಿ ಜಾರಿಯಾಗಿತ್ತು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು, ಇಡೀ ಕರ್ನಾಟಕ ಅದರ ವ್ಯಾಪ್ತಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತ ಮತ್ತು ಅಮೆರಿಕ ಅಪರಾಧ ಪ್ರಕರಣಗಳಲ್ಲಿ ಪರಸ್ಪರ ಕಾನೂನು ನೆರವಿನ ಒಪ್ಪಂದಕ್ಕೆ ಸಹಿ ಮಾಡಿದವು. ಬುಡಾಪೆಸ್ಟ್ ಒಪ್ಪಂದಕ್ಕೆ ಮಾತ್ರ ಭಾರತ ಸೇರಲಿಲ್ಲ. ಬರೆಯುವಾಗ ನಮ್ಮನ್ನು ಕರೆಯದೆ ಸಹಿಗೆ ಮಾತ್ರ ಕರೆಯುವುದು ಸರಿಯಲ್ಲ ಎಂಬ ಮಾತು ದೆಹಲಿಯಲ್ಲಿತ್ತು. ಅದರ 32ನೇ ವಿಧಿಯ ಬಗ್ಗೆ ಸಾರ್ವಭೌಮತ್ವದ ಅಳುಕೂ ಇತ್ತು. ಮಾಹಿತಿ ಕೊಡುವ ಅಧಿಕಾರವುಳ್ಳವರು ಸ್ವಇಚ್ಛೆಯಿಂದ ಒಪ್ಪಿದರೆ, ಇನ್ನೊಂದು ದೇಶದ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಆ ದೇಶದ ಸರ್ಕಾರವನ್ನು ಕೇಳದೆಯೇ ಪಡೆಯಬಹುದು ಎನ್ನುವ ವಿಧಿ ಅದು. ರಷ್ಯಾ ಮುನಿಸಿಕೊಂಡದ್ದೂ ಈ ವಿಧಿಯ ಮೇಲೆಯೇ. ಚೆಲ್ಯಾಬಿನ್ಸ್ಕ್ ಅದಕ್ಕೆ ಮರೆತಿರಲಿಲ್ಲ.

ಒಪ್ಪಂದದ ಒಂದು ವಿಧಾನವನ್ನು ನಾನು ಮನಸಾರೆ ಒಪ್ಪುತ್ತೇನೆ. ತನಿಖೆಗೆ ಬೇಕಾದ ನಿರ್ದಿಷ್ಟ ಮಾಹಿತಿಯನ್ನು ಅಳಿಸದಂತೆ 90 ದಿನದವರೆಗೆ ಹಾಗೇ ಕಾದಿಡಿ, ಅಷ್ಟರಲ್ಲಿ ಕಾಗದ ತರುತ್ತೇವೆ ಎಂದು ಕೇಳುವ ವ್ಯವಸ್ಥೆ ಅದು. ಅನುಮಾನ ಇರುವುದು ಒಬ್ಬನ ಮೇಲೆ, ಕಾದಿಡುವುದು ಅವನೊಬ್ಬನದನ್ನು. ಯುರೋಪ್ ಆಮೇಲೆ ಇದನ್ನು ಬಿಟ್ಟು ಬೇರೆ ದಾರಿ ತುಳಿಯಿತು. 2005ರ ಲಂಡನ್ ಬಾಂಬ್ ದಾಳಿಯ ಬೆನ್ನಲ್ಲೇ, 2006ರಲ್ಲಿ, ಎಲ್ಲ ಪ್ರಜೆಗಳ ಸಂಪರ್ಕದ ವಿವರವನ್ನೂ 6 ತಿಂಗಳಿಂದ 2 ವರ್ಷದವರೆಗೆ ಕೂಡಿಡಬೇಕೆಂದು ಐರೋಪ್ಯ ಒಕ್ಕೂಟ ಕಂಪನಿಗಳಿಗೆ ಕಡ್ಡಾಯ ಮಾಡಿತು. ಸ್ಪಿಟ್ಜ್ ಅವರ 35,830 ನಮೂದುಗಳು ಬಂದದ್ದು ಅಲ್ಲಿಂದ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2010ರ ಮಾರ್ಚ್ 2ರಂದು ಇದಕ್ಕಾಗಿ ಬಂದಿದ್ದ ತನ್ನ ದೇಶದ ಕಾನೂನನ್ನು ಹೊಡೆದುಹಾಕಿತು. ಐರ್ಲೆಂಡಿನ ಒಂದು ಸಣ್ಣ ಹಕ್ಕುಗಳ ಸಂಘಟನೆ ಹೂಡಿದ ದಾವೆಯಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರ ಏಪ್ರಿಲ್ 8ರಂದು ಇಡೀ ನಿರ್ದೇಶನವನ್ನೇ ರದ್ದುಮಾಡಿತು. ಅಷ್ಟರಲ್ಲಿ, 2013ರ ಜೂನ್‌ನಲ್ಲಿ, ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ಅಮೆರಿಕದ ಬೇಹುಗಾರಿಕೆಯ ದಾಖಲೆಗಳು ಬಂದಿದ್ದವು. ಕಾನೂನಿನ ದಾರಿಯ ಪಕ್ಕದಲ್ಲೇ ಬೇಹುಗಾರರ ಇನ್ನೊಂದು ಹೆದ್ದಾರಿ ಹರಿದಿದ್ದನ್ನು ಜಗತ್ತು ನೋಡಿತು.

2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ಮಾದಕ ವಸ್ತು ಪ್ರಕರಣದಲ್ಲಿ ಒಂದು ಮೇಲ್ ಖಾತೆಯ ಮಾಹಿತಿ ಕೊಡುವಂತೆ ಮೈಕ್ರೋಸಾಫ್ಟ್‌ಗೆ ವಾರಂಟ್ ನೀಡಿತು. ಮಾಹಿತಿ ಇದ್ದದ್ದು ಡಬ್ಲಿನ್‌ನ ಸರ್ವರಿನಲ್ಲಿ. ಕಂಪನಿ ಒಪ್ಪದೆ ಮೇಲ್ಮನವಿ ಹೋಗಿ 2016ರ ಜುಲೈನಲ್ಲಿ ಗೆದ್ದಿತು. ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿರುವಾಗಲೇ 2018ರ ಮಾರ್ಚ್ 23ರಂದು ಅಮೆರಿಕ ‘ಕ್ಲೌಡ್ ಆ್ಯಕ್ಟ್’ ತಂದಿತು. ಅಮೆರಿಕದ ಕಂಪನಿಯ ಹಿಡಿತದಲ್ಲಿರುವ ಮಾಹಿತಿ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಕೊಡಬೇಕು ಎಂದಾಯಿತು.

ಇತ್ತ ರಷ್ಯಾ ಸುಮ್ಮನೆ ಕೂತಿರಲಿಲ್ಲ. ಬುಡಾಪೆಸ್ಟ್‌ಗೆ ಎದುರಾಗಿ ವಿಶ್ವಸಂಸ್ಥೆಯಲ್ಲೇ ಹೊಸ ಒಪ್ಪಂದ ಬರೆಯಬೇಕೆಂಬ ಅದರ ನಿರ್ಣಯ 2019ರ ಡಿಸೆಂಬರ್ 27ರಂದು ಸಾಮಾನ್ಯ ಸಭೆಯಲ್ಲಿ ಮತಕ್ಕೆ ಬಂತು. ಪರ 79, ವಿರುದ್ಧ 60, ತಟಸ್ಥ 33. ಅಲ್ಜೀರಿಯಾದ ರಾಜತಾಂತ್ರಿಕೆ ಫೌಜಿಯಾ ಬೂಮೈಜಾ ಮೆಬಾರ್ಕಿ ಒಪ್ಪಂದ ಬರೆಯುವ ಸಮಿತಿಯ ಅಧ್ಯಕ್ಷೆಯಾದರು. ಮೊದಲ ಅಧಿವೇಶನ ನ್ಯೂಯಾರ್ಕಿನಲ್ಲಿ ಶುರುವಾದದ್ದು 2022ರ ಫೆಬ್ರವರಿ 28ರಂದು. ಉಕ್ರೇನಿನೊಳಗೆ ರಷ್ಯಾದ ಸೇನೆ ನುಗ್ಗಿ ಅಂದಿಗೆ ನಾಲ್ಕು ದಿನವಾಗಿತ್ತು.

ಎರಡೂವರೆ ವರ್ಷದ ಜಗ್ಗಾಟದಲ್ಲಿ ಭಾರತದ ಪಾತ್ರವನ್ನು ಬರೆಯುವಾಗ ನನಗೆ ಕಸಿವಿಸಿಯಾಗುತ್ತದೆ. ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಬೇಕೆಂದು ಭಾರತ ಮುಂದಿಟ್ಟ ಸಲಹೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಅನ್ನು ಹೋಲುತ್ತಿತ್ತು. ಅದೇ ಕಲಂ ಅನ್ನು ನಮ್ಮ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅಸಾಂವಿಧಾನಿಕವೆಂದು ತಳ್ಳಿಹಾಕಿತ್ತು. 2024ರ ಆಗಸ್ಟ್‌ನಲ್ಲಿ, ಕೊನೆಯ ಹಂತದಲ್ಲಿ, ಇರಾನ್ ಕೆಲವು ರಕ್ಷಣೆಗಳನ್ನು ತೆಗೆದುಹಾಕಲು ಮತ ಕೇಳಿತು. ಈ ಒಪ್ಪಂದವನ್ನು ಮಾನವ ಹಕ್ಕುಗಳ ದಮನಕ್ಕೆ ಪರವಾನಗಿ ಎಂದು ಓದಬಾರದು ಎನ್ನುವ ವಾಕ್ಯವೂ ಅವುಗಳಲ್ಲಿ ಒಂದು. 102 ದೇಶಗಳು ಅದನ್ನು ಉಳಿಸಿದವು. ತೆಗೆಯಿರಿ ಎಂದವರ ಸಾಲಿನಲ್ಲಿ ರಷ್ಯಾ, ಉತ್ತರ ಕೊರಿಯಾಗಳ ಜೊತೆ ಭಾರತವೂ ಇತ್ತು.

2024ರ ಡಿಸೆಂಬರ್ 24ರಂದು ಸಾಮಾನ್ಯ ಸಭೆ ಒಪ್ಪಂದವನ್ನು ಅಂಗೀಕರಿಸಿತು. 2025ರ ಅಕ್ಟೋಬರ್‌ನಲ್ಲಿ ವಿಯೆಟ್ನಾಮಿನ ಹನೋಯಿಯಲ್ಲಿ ಸಹಿ ಸಮಾರಂಭ ನಡೆದು 60ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದವು. 40 ದೇಶಗಳು ಅನುಮೋದಿಸಿದ 90 ದಿನಕ್ಕೆ ಅದು ಜಾರಿಯಾಗುತ್ತದೆ. ನಾಲ್ಕು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಯಾವ ಅಪರಾಧಕ್ಕೂ ವಿದ್ಯುನ್ಮಾನ ಸಾಕ್ಷ್ಯ ಹಂಚಿಕೊಳ್ಳಲು ಅದು ದಾರಿ ತೆರೆಯುತ್ತದೆ. ಕೆಲವು ದೇಶಗಳಲ್ಲಿ ಧರ್ಮನಿಂದೆಗೆ, ಸಲಿಂಗ ಪ್ರೇಮಕ್ಕೆ, ದೊರೆಯ ಟೀಕೆಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆಯಿದೆ. ಧರ್ಮ, ಜನಾಂಗ, ರಾಜಕೀಯ ಅಭಿಪ್ರಾಯಕ್ಕಾಗಿ ಒಬ್ಬರನ್ನು ಕಾಡಲು ಬಂದ ಕೋರಿಕೆಯನ್ನು ನಿರಾಕರಿಸಬಹುದು ಎಂದು ಒಪ್ಪಂದ ಹೇಳುತ್ತದೆ, ಅದು ಸಣ್ಣ ಗೆಲುವಲ್ಲ. ಆದರೆ ನಿರಾಕರಿಸುವ ಮನಸ್ಸು ಕೋರಿಕೆ ತಲುಪಿದ ಸರ್ಕಾರಕ್ಕೆ ಇರಬೇಕು. ರಕ್ಷಣೆಗಳ 24ನೇ ವಿಧಿಯೂ ಬುಡಾಪೆಸ್ಟ್‌ನ 15ನೆಯದರಂತೆ ಪ್ರತಿ ದೇಶದ ಸ್ವಂತ ಕಾನೂನಿನ ಕಡೆಗೇ ಕೈ ತೋರಿಸುತ್ತದೆ.

ಇಂಥ ಒಪ್ಪಂದವೇ ಬೇಡ ಎನ್ನುವ ಧೈರ್ಯ ನನಗಿಲ್ಲ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ, ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆಗೆ ಬಂದು, ನಿವೃತ್ತ ಮೇಷ್ಟ್ರ ಜೀವಮಾನದ ಉಳಿತಾಯವನ್ನು ಒಂದು ಮಧ್ಯಾಹ್ನದಲ್ಲಿ ಬಳಿದುಕೊಳ್ಳುವ ಜಾಲಗಳು ಬಹುಮಟ್ಟಿಗೆ ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಂದ ನಡೆಯುತ್ತವೆ. ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದವರ ಹಣ ಅಷ್ಟರಲ್ಲಿ ಹತ್ತಾರು ಖಾತೆ ದಾಟಿರುತ್ತದೆ. ಅಮೆರಿಕದ ಕಂಪನಿಯ ಬಳಿಯಿರುವ ಸಂದೇಶಗಳ ಒಕ್ಕಣೆ ಬೇಕಾದರೆ ಬೆಂಗಳೂರಿನ ತನಿಖಾಧಿಕಾರಿಯ ಕೋರಿಕೆ ದೆಹಲಿಯ ಗೃಹ ಸಚಿವಾಲಯ, ವಾಷಿಂಗ್ಟನ್ನಿನ ನ್ಯಾಯ ಇಲಾಖೆ, ಅಲ್ಲಿನ ನ್ಯಾಯಾಲಯ ಹೀಗೆ ಮೆಟ್ಟಿಲು ಹತ್ತಿ ಇಳಿಯಬೇಕು. ಸ್ಟಾಲ್ ಅವರ 75 ಸೆಂಟ್‌ನ ಸಂಕಟ ಇನ್ನೂ ಮುಗಿದಿಲ್ಲ.

ಒಪ್ಪಂದ ಬೇಕೆಂದಾದರೆ ಅದಕ್ಕೆ ಹಾಕುವ ಕಾವಲು ನಮ್ಮಲ್ಲಿ ಏನಿದೆ? ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಹಿಡಿದು ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿಯಿತು. ಸರ್ಕಾರ ಪ್ರಜೆಯ ಖಾಸಗಿ ಬದುಕಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಹಾಕುವ ಕೈ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಲ್ಲಿ ಸಿಕ್ಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು ತೀರಿಕೊಂಡರು. ವಿಶ್ವಸಂಸ್ಥೆಯ ಸಮಿತಿ ಒಪ್ಪಂದಕ್ಕೆ ಒಪ್ಪಿ ಆಗ ಎರಡೂವರೆ ತಿಂಗಳಾಗಿತ್ತು, ಸಾಮಾನ್ಯ ಸಭೆ ಅದನ್ನು ಅಂಗೀಕರಿಸಲು ಇನ್ನೆರಡು ತಿಂಗಳಿತ್ತು.

2023ರಲ್ಲಿ ನಮ್ಮಲ್ಲೂ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಕೇಂದ್ರ ಸರ್ಕಾರ ಹೆಸರಿಸಿದ ಸರ್ಕಾರಿ ಸಂಸ್ಥೆಗಳಿಗೆ, ದೇಶದ ಭದ್ರತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ, ಅದರ 17ನೇ ಕಲಂ ವಿನಾಯಿತಿ ಕೊಡುತ್ತದೆ. ಸಂದೇಶಗಳನ್ನು ಕದ್ದು ಕೇಳುವ ಆದೇಶಕ್ಕೆ ಇಲ್ಲಿ ಸಹಿ ಹಾಕುವವರು ಗೃಹ ಕಾರ್ಯದರ್ಶಿ, ಅದನ್ನು ಪರಿಶೀಲಿಸುವವರೂ ಅಧಿಕಾರಿಗಳೇ. ನಾಳೆ ಭಾರತ ಹನೋಯಿ ಒಪ್ಪಂದಕ್ಕೆ ಸೇರುವುದಾದರೆ 24ನೇ ವಿಧಿಯ ಎದುರು ನಿಮ್ಮ ಮನೆಯ ಕಾವಲು ಯಾವುದು ಎಂಬ ಪ್ರಶ್ನೆ ಬರುತ್ತದೆ. ಆಗ ಧೈರ್ಯವಾಗಿ ಎತ್ತಿ ತೋರಿಸಲು ನಮ್ಮ ಬಳಿ ಇರುವುದು ಪುಟ್ಟಸ್ವಾಮಿಯವರ ಹೆಸರು ಹೊತ್ತ ಆ ತೀರ್ಪು.